ಮನೆಯಲ್ಲಿ ಕನ್ನಡ ಬಿಟ್ಟರೆ ಮಗಳಿಗೆ ಜರ್ಮನ್ ಬೇಗ ಬರುತ್ತಾ?

ಪ್ರಶ್ನೆ: ನಾವು ಮ್ಯೂನಿಕ್‌ಗೆ ಬಂದು ಐದು ತಿಂಗಳಾಯಿತು. ಮಗಳಿಗೆ ನಾಲ್ಕು ವರ್ಷ. ಮನೆಯಲ್ಲಿ ಕನ್ನಡ ಪಟಪಟ ಅಂತ ಮಾತಾಡುತ್ತಾಳೆ, ಕಿಂಡರ್‌ಗಾರ್ಟನ್‌ನಲ್ಲಿ ಬಾಯೇ ಬಿಡುವುದಿಲ್ಲ. ಮನೆಯಲ್ಲೂ ಜರ್ಮನ್ ಮಾತಾಡಿ ಅಂತ ಅಲ್ಲಿಯ ಟೀಚರ್ ಹೇಳಿದರು. ನಮಗೇ ಜರ್ಮನ್ ಅಷ್ಟಕ್ಕಷ್ಟೆ. ಕನ್ನಡ ಬಿಡಬೇಕಾ?

ಉತ್ತರ: ದಯವಿಟ್ಟು ಬಿಡಬೇಡಿ. ನಾನು ಇಲ್ಲಿ ಚಿಕ್ಕ ಮಕ್ಕಳಿಗೆ ಜರ್ಮನ್ ಕಲಿಸುತ್ತೇನೆ, ಎಷ್ಟೋ ಅಪ್ಪ ಅಮ್ಮಂದಿರು ಇದನ್ನೇ ಕೇಳುತ್ತಾರೆ. ರಾತ್ರಿ ಮಲಗುವಾಗ "ಮಳೆ ಯಾಕೆ ಬರುತ್ತೆ?" ಅಂತ ಅವಳು ಕೇಳಿದರೆ ಕನ್ನಡದಲ್ಲಿ ಹತ್ತು ನಿಮಿಷ ಹೇಳುತ್ತೀರಿ. ಜರ್ಮನ್‌ನಲ್ಲಿ ಒಂದು ವಾಕ್ಯಕ್ಕೇ ತಡವರಿಸುತ್ತೀರಿ, ಅಲ್ವಾ? ಮೋಡ, ಆವಿ, ಮಳೆ ಒಮ್ಮೆ ಕನ್ನಡದಲ್ಲಿ ತಲೆಗೆ ಹೋದರೆ ಜರ್ಮನ್‌ನಲ್ಲಿ ಹೆಸರು ಕಲಿತರೆ ಸಾಕು. ಕೆನಡಾದ ಟೊರಾಂಟೊದಲ್ಲಿದ್ದ, ಎರಡು ಭಾಷೆ ಕಲಿಯುವ ಮಕ್ಕಳ ಬಗ್ಗೆ ಸಂಶೋಧನೆ ಮಾಡಿದ ಜಿಮ್ ಕಮಿನ್ಸ್ 1979ರಲ್ಲೇ ಈ ಮಾತು ಬರೆದಿದ್ದರು.

ಹೊಸ ಭಾಷೆಯ ನಡುವೆ ಬಂದ ಮಕ್ಕಳು ಕೆಲವು ತಿಂಗಳು ಸುಮ್ನೆ ಕೇಳಿಸಿಕೊಳ್ಳುವುದುಂಟು. ಟೀಚರ್ ಜರ್ಮನ್‌ನಲ್ಲಿ ಶೂ ಹಾಕಿಕೋ ಅಂದರೆ ಹಾಕಿಕೊಳ್ಳುತ್ತಾಳಾ, ಬೇರೆ ಮಕ್ಕಳ ಹತ್ತಿರ ಹೋಗುತ್ತಾಳಾ, ವಿಚಾರಿಸಿ. ಕನ್ನಡದಲ್ಲೂ ಮಾತು ಕಡಿಮೆ ಇದ್ದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ ಅನ್ನುತ್ತಿದ್ದೆ. ಇದೇ ಮೌನ ಇನ್ನೂ ಒಂದೆರಡು ತಿಂಗಳು ಮುಂದುವರಿದರೆ ಮಕ್ಕಳ ಡಾಕ್ಟರಿಗೆ ಖಂಡಿತ ಹೇಳಿ.

ಜರ್ಮನ್ ಅವಳಿಗೆ ಆಟದ ಮೂಲಕ ಬರಲಿ. ನನ್ನ ಹತ್ತಿರ ಒಬ್ಬ ಹುಡುಗ ಬರುತ್ತಿದ್ದ. ಬಣ್ಣದ ಚಾರ್ಟ್ ತೆಗೆದರೆ ಮುಖ ತಿರುಗಿಸುತ್ತಿದ್ದ. ಅವನಿಗೆ ಬೇಕಿದ್ದುದು ಕಸದ ಲಾರಿ, 'ಮ್ಯುಲ್‌ಔಟೊ'. ಚಾರ್ಟ್ ಮಡಚಿಟ್ಟು ಇಬ್ಬರೂ ಕಿಟಕಿ ಹತ್ತಿರ ನಿಂತೆವು. ಪೇಪರ್ ಡಬ್ಬ ನೀಲಿ, 'ಬ್ಲೌ'. ಹಸಿ ಕಸದ್ದು ಕಂದು, 'ಬ್ರೌನ್'. ಉಳಿದ ಕಸದ್ದು ಬೂದು, 'ಗ್ರೌ'. ಆಮೇಲೆ ಲಾರಿ ಸದ್ದು ಕೇಳಿದರೆ ಸಾಕು, ಇವತ್ತು ಯಾವ ಡಬ್ಬ ಅಂತ ನನಗಿಂತ ಮುಂಚೆ ಅವನೇ ಕೂಗುತ್ತಿದ್ದ. ಆ ಮೂರು ಬಣ್ಣ ಅವನು ಮರೆಯಲೇ ಇಲ್ಲ.

ನಿಮ್ಮ ಮಗಳಿಗೆ ಈಗ ಎರಡೇ ಮಾತು ಹೇಳಿಕೊಡಿ: 'ಇಖ್ ಔಖ್' (ನಾನೂ), 'ಡಾರ್ಫ್ ಇಖ್ ಮಿಟ್‌ಶ್ಪೀಲನ್' (ನಾನೂ ಆಟಕ್ಕೆ ಬರಲಾ). ಇವಿದ್ದರೆ ಯಾವ ಗುಂಪಿಗಾದರೂ ಸೇರಿಕೊಳ್ಳಬಹುದು. ನಾಮಪದದ ಮುಂದೆ ಲಿಂಗ ತೋರಿಸುವ ಡೆರ್, ಡೀ, ಡಾಸ್ ತಪ್ಪಾದರೆ ಆಗಲಿ. ಶಾಲೆಗೆ ಮುಂಚೆ ಬೇಕಾದ ಮಕ್ಕಳಿಗೆ ನಮ್ಮ ಬವೇರಿಯಾ ರಾಜ್ಯದಲ್ಲಿ 240 ಗಂಟೆಯ 'ಫೋರ್‌ಕುರ್ಸ್' (ಜರ್ಮನ್ ಕಲಿಸುವ ತರಗತಿ) ಇದೆ, ಟೀಚರ್ ಹತ್ತಿರ ಅದನ್ನೂ ಕೇಳಿಡಿ.

ಇನ್ನೊಬ್ಬರ ಪ್ರಶ್ನೆ: ನನ್ನ ಮಗ ಪಾರ್ಕಿಗೆ ಹೋಗಬೇಕಾದರೆ "ಶ್ಪೀಲ್‌ಪ್ಲಾಟ್ಸ್‌ಗೆ ಹೋಗೋಣ" ಅಂತಾನೆ. ಎರಡೂ ಕಲಸುಮೇಲೋಗರ ಆಗುತ್ತಿದೆಯಾ?

ಉತ್ತರ: ಅವನು ಹಚ್ಚಿದ ಆ 'ಗೆ' ನೋಡಿ! ಜರ್ಮನ್ ಪದಕ್ಕೆ ಕನ್ನಡದ ವಿಭಕ್ತಿಯನ್ನು ಸರಿಯಾದ ಜಾಗದಲ್ಲೇ ಅಂಟಿಸಿದ್ದಾನೆ. ನಾವು "ಬಸ್ಸಿಗೆ ಲೇಟ್ ಆಯ್ತು" ಅನ್ನುವುದೂ ಹೀಗೇ ತಾನೇ. ತಡೆದು ತಿದ್ದಬೇಡಿ. "ಹೂಂ, ಪಾರ್ಕಿಗೆ ಹೋಗೋಣ, ಜಾರುಬಂಡೆ ಆಡೋಣ" ಅಂತ ಮಾತು ಮುಂದುವರಿಸಿ. ಸಂಜೆ ವಿಡಿಯೊ ಕಾಲ್‌ನಲ್ಲಿ ಆ ಆಟದ ಕತೆಯನ್ನು ಅಜ್ಜಿಗೆ ಅವನೇ ಹೇಳಲಿ. ಅಜ್ಜಿಗೆ ಜರ್ಮನ್ ಬರಲ್ಲ, ಹಾಗಾಗಿ ಕನ್ನಡ ಪದ ಅವನೇ ಹುಡುಕುತ್ತಾನೆ. ತಡವರಿಸಿದರೆ ನೀವು ಪಕ್ಕದಿಂದ ಹೇಳಿಕೊಡಬೇಡಿ, ಅಜ್ಜಿ ಕಾಯುತ್ತಾರೆ.