ಸೊಸೈಟಿ ಈಜುಕೊಳದಲ್ಲಿ ಎರಡು ವಾರಕ್ಕೊಮ್ಮೆ ಪಾಚಿ: ಕ್ಲೋರಿನ್ ಇದ್ದರೂ ಯಾಕೆ?

ಪ್ರಶ್ನೆ – ವಾಕಡ್, ಪುಣೆ

ಎಲ್ಲರಿಗೂ ನಮಸ್ಕಾರ. ನಮ್ಮ ಸೊಸೈಟಿಯ ಈಜುಕೊಳ 12.5 ಮೀಟರ್ ಉದ್ದ, 6 ಮೀಟರ್ ಅಗಲ, ಆಳ ಸರಾಸರಿ 1.2 ಮೀಟರ್. ಮಳೆ ಶುರುವಾದಾಗಿನಿಂದ ಎರಡು ವಾರಕ್ಕೊಮ್ಮೆ ನೀರು ಹಸಿರಾಗುತ್ತಿದೆ. ಮೊದಲು ಏಣಿಯ ಹಿಂದೆ, ಮೆಟ್ಟಿಲ ಮೂಲೆಯಲ್ಲಿ ಲೋಳೆ ಕಟ್ಟುತ್ತದೆ. ಮೂರನೇ ದಿನಕ್ಕೆ ತಳ ಕಾಣುವುದಿಲ್ಲ.

ಕೊಳ ನೋಡಿಕೊಳ್ಳುವ ಹುಡುಗ ‘ಶೇವಾಳ’ (ಮರಾಠಿಯಲ್ಲಿ ಪಾಚಿ) ಬಂತು ಅಂತ ದಿನಾ ಕ್ಲೋರಿನ್ ಮಾತ್ರೆ ಹಾಕುತ್ತಾನೆ. ಜಾಸ್ತಿಯಾದರೆ ನೀಲಿ ಹರಳು ಕರಗಿಸಿ ಸುರಿಯುತ್ತಾನೆ. ಹನಿ ಹಾಕಿ ಪರೀಕ್ಷೆ ಮಾಡಿದರೆ ಚೆನ್ನಾಗಿಯೇ ಹಳದಿ ಬರುತ್ತದೆ, ಅಂದರೆ ಕ್ಲೋರಿನ್ ಇದೆ. ಹೋದ ವಾರ ನನ್ನ ಮಗಳು ಮೆಟ್ಟಿಲ ಮೇಲೆ ಜಾರಿ ಗದ್ದಕ್ಕೆ ಪೆಟ್ಟು ಮಾಡಿಕೊಂಡಳು. ಕಮಿಟಿಯವರು ಈಗ ದುಬಾರಿ ಪಾಚಿನಾಶಕ ತರಿಸಲು ಹೊರಟಿದ್ದಾರೆ. ತರಿಸಬಹುದಾ?

ಉತ್ತರ – ಠಾಣೆ

ಪಂಪ್ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ನೋಡಿ. ಮಳೆಗಾಲದಲ್ಲಿ ಯಾರೂ ಈಜುವುದಿಲ್ಲ ಅಂತ ನಮ್ಮಲ್ಲಿ 2 ಗಂಟೆಗೆ ಇಳಿಸಿದ್ದರು. 8 ಗಂಟೆ ಮಾಡಿದ ಮೇಲೆ ಅರ್ಧ ತೊಂದರೆ ಹೋಯಿತು.

ಉತ್ತರ – ಕೋಥ್ರೂಡ್, ಪುಣೆ

ಮೇಡಂ, ಪಾಚಿನಾಶಕಕ್ಕೆ ಈಗಲೇ ದುಡ್ಡು ಹಾಕಬೇಡಿ. ನಮ್ಮ ಸೊಸೈಟಿ ಕೊಳವನ್ನು ಆರು ವರ್ಷದಿಂದ ನಾನೇ ನೋಡುತ್ತಿದ್ದೇನೆ. ಇದೇ ಜಾಗದಲ್ಲಿ ನಾವೂ ಸಿಕ್ಕಿಬಿದ್ದಿದ್ದೆವು.

ಮೊದಲು ಆ ಹಳದಿ ಹನಿಯ ವಿಷಯ. ಅದು ನೀರಿನಲ್ಲಿರುವ ಒಟ್ಟು ಕ್ಲೋರಿನ್ ತೋರಿಸುತ್ತದೆ. ಬೆವರು, ಮೂತ್ರದ ಜೊತೆ ಸೇರಿ ಶಕ್ತಿ ಕಳೆದುಕೊಂಡ ಕ್ಲೋರಿನ್ ಕೂಡ ಅದರಲ್ಲಿ ಹಳದಿಯಾಗಿಯೇ ಕಾಣುತ್ತದೆ. ಪಾಚಿ ಕೊಲ್ಲುವುದು ಹೀಗೆ ಯಾವುದಕ್ಕೂ ಸೇರದೆ ಉಳಿದ ಫ್ರೀ ಕ್ಲೋರಿನ್ ಮಾತ್ರ. ಅದನ್ನು ಅಳೆಯಲು ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ಬೇಕು. ಸೂರ್ಯ ಮುಳುಗಿದ ಮೇಲೆ ಒಮ್ಮೆ, ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಒಮ್ಮೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಈಜುವವರೂ ಇಲ್ಲ. ಆದರೂ 1 ಪಿಪಿಎಂಗಿಂತ (ಲೀಟರಿಗೆ 1 ಮಿಲಿಗ್ರಾಂಗಿಂತ) ಜಾಸ್ತಿ ಇಳಿದಿದ್ದರೆ ನೀರಿನಲ್ಲಿ ಏನೋ ಜೀವಂತ ಇದ್ದು ಕ್ಲೋರಿನ್ ತಿನ್ನುತ್ತಿದೆ ಎಂದೇ ಅರ್ಥ.

ಎರಡನೆಯದು, ಸಯನ್ಯೂರಿಕ್ ಆಸಿಡ್ ಪರೀಕ್ಷೆ. ಇದನ್ನು ಬಿಡಲೇಬೇಡಿ. ನಿಮ್ಮ ಮಾತ್ರೆ ಬಹುಶಃ ಟಿಸಿಸಿಎ. ಅದರಲ್ಲಿ ಕ್ಲೋರಿನ್ ಜೊತೆ ಈ ಆಸಿಡ್ ಕೂಡ ಇರುತ್ತದೆ. ಕ್ಲೋರಿನ್ ಬಿಸಿಲಿಗೆ ಬೇಗ ಹಾರಿಹೋಗದಂತೆ ಅದು ಕಾಪಾಡುತ್ತದೆ, 30ರಿಂದ 50 ಪಿಪಿಎಂ ಇದ್ದರೆ ಒಳ್ಳೆಯದೇ. ಆದರೆ ಕ್ಲೋರಿನ್ ಖರ್ಚಾಗುತ್ತದೆ, ಇದು ಖರ್ಚಾಗುವುದಿಲ್ಲ. ನಿಮ್ಮ ಕೊಳದಲ್ಲಿ ಸುಮಾರು 90,000 ಲೀಟರ್ ನೀರಿದೆ. 1 ಕೆಜಿ ಟಿಸಿಸಿಎ ಹಾಕಿದರೆ ಕ್ಲೋರಿನ್ 10 ಪಿಪಿಎಂ, ಆಸಿಡ್ 6 ಪಿಪಿಎಂ ಏರುತ್ತದೆ. 25 ಕೆಜಿಗೆ 150! ಆಸಿಡ್ ಏರಿದಷ್ಟೂ ಕ್ಲೋರಿನ್ ಮಂಕಾಗುತ್ತದೆ. ಆಸಿಡ್ ಎಷ್ಟಿದೆಯೋ ಅದರ 7.5 ಶೇಕಡಾದಷ್ಟಾದರೂ ಫ್ರೀ ಕ್ಲೋರಿನ್ ಇದ್ದರೆ ಮಾತ್ರ ಪಾಚಿ ಹತ್ತಿರ ಬರುವುದಿಲ್ಲ.

ನೀಲಿ ಹರಳು ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್). ನಮ್ಮ ಶಿರಸಿ ಕಡೆ ಅಡಿಕೆ ಕೊಳೆಗೆ ಸುಣ್ಣ ಸೇರಿಸಿ ಹೊಡೆಯುತ್ತೇವಲ್ಲ, ಅದೇ. ಪಾಚಿ ಸಾಯುವುದು ನಿಜ, ಆದರೆ ತಾಮ್ರ ನೀರಿನಲ್ಲೇ ಉಳಿದು ಗೋಡೆಗೆ ಕಲೆ ಹಿಡಿಸುತ್ತದೆ. ಮಕ್ಕಳ ಕೂದಲು ಹಸಿರಾಗುವುದೂ ತಾಮ್ರದಿಂದಲೇ. ದಯವಿಟ್ಟು ನಿಲ್ಲಿಸಿ.

ಪ್ರಶ್ನೆ ಕೇಳಿದವರು – ವಾಕಡ್

ಸರ್, ಅಳೆದೆ. ರಾತ್ರಿ 8ಕ್ಕೆ ಫ್ರೀ ಕ್ಲೋರಿನ್ 2, ಬೆಳಿಗ್ಗೆ 6ಕ್ಕೆ 0.4. ಆಗಲೂ ಹಳದಿ ಹನಿ ಚೆನ್ನಾಗಿ ಬಣ್ಣ ತೋರಿಸಿತು! ಪಿಎಚ್ 7.8. ಸಯನ್ಯೂರಿಕ್ ಕಿಟ್ 100ರ ಮೇಲೆ ತೋರಿಸುವುದಿಲ್ಲ. ಅರ್ಧ ಕೊಳದ ನೀರು, ಅರ್ಧ ನಲ್ಲಿ ನೀರು ಬೆರೆಸಿ ನೋಡಿದರೆ 75 ಬಂತು. ಪಂಪ್ 3 ಗಂಟೆ ಮಾತ್ರ ಓಡುತ್ತದಂತೆ.

ಉತ್ತರ – ಕೋಥ್ರೂಡ್

75ರ ಎರಡರಷ್ಟು, ಅಂದರೆ 150. ನಿಮಗೆ 11 ಪಿಪಿಎಂ ಕ್ಲೋರಿನ್ ಬೇಕಿತ್ತು, ಇದ್ದದ್ದು 2. ಆ ಹುಡುಗನ ತಪ್ಪೇನಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಈ ಆಸಿಡ್ ಇಳಿಸಲು ನೀರು ಬದಲಿಸುವುದೇ ದಾರಿ. ಆದರೆ ಮಳೆಗಾಲದಲ್ಲಿ ಕೊಳ ಪೂರ್ತಿ ಖಾಲಿ ಮಾಡಬೇಡಿ. ಸುತ್ತಲ ಮಣ್ಣು ನೀರು ಕುಡಿದಿರುತ್ತದೆ, ಕೆಳಗಿನ ಒತ್ತಡಕ್ಕೆ ತಳ ಬಿರಿಯಬಹುದು. (ಪಾರ್ಕಿಂಗ್ ಮೇಲಿನ ಪೋಡಿಯಂ ಕೊಳವಾದರೆ ಈ ಭಯವಿಲ್ಲ.) ಒಂದು ಸಲಕ್ಕೆ ಮೂರನೇ ಒಂದು ಭಾಗ ಬಿಡಿ, ತುಂಬಿಸಿ, ಒಂದು ದಿನ ಪಂಪ್ ಓಡಿಸಿ, ಮತ್ತೆ ಬಿಡಿ. ಮೂರು ಸಲಕ್ಕೆ 150 ಇದ್ದದ್ದು 100, 67, ಕೊನೆಗೆ 45ಕ್ಕೆ ಬರುತ್ತದೆ. ಸಲಕ್ಕೆ 10,000 ಲೀಟರಿನ ಮೂರು ಟ್ಯಾಂಕರ್ ಬೇಕು. ಬಿಟ್ಟ ನೀರಿನಲ್ಲಿ ಪಾರ್ಕಿಂಗ್ ತೊಳೆಸಿ, ಸುಮ್ನೆ ಮೋರಿಗೆ ಹೋಗುವುದು ಬೇಡ.

ಆಮೇಲೆ ಯಾರೂ ಈಜಲು ಇಳಿಯದಂತೆ ಕೊಳ ಬಂದ್ ಮಾಡಿ. ಪಿಎಚ್ ಮೊದಲು 7.2ಕ್ಕೆ ತನ್ನಿ, ಕ್ಲೋರಿನ್ ಏರಿಸಿದ ಮೇಲೆ ಆ ಪರೀಕ್ಷೆ ಸರಿ ಬರುವುದಿಲ್ಲ. ಸಂಜೆ 10 ಶೇಕಡಾ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವ ಕ್ಲೋರಿನ್) 16 ಲೀಟರ್ ಕೊಳದ ಸುತ್ತ ಸ್ವಲ್ಪ ಸ್ವಲ್ಪವೇ ಸುರಿಯಿರಿ. ಕ್ಲೋರಿನ್ 18ರ ಹತ್ತಿರ ಬರುತ್ತದೆ. ಹಳೆಯ ಹೈಪೋ ಬೇಡ, ಸೆಕೆಗೆ ಶಕ್ತಿ ಕಳೆದುಕೊಂಡಿರುತ್ತದೆ. ಇಷ್ಟು ಜಾಸ್ತಿ ಕ್ಲೋರಿನ್ ಇದ್ದಾಗ ಗುಲಾಬಿ ಬಣ್ಣ ಬಿಳಚಿಕೊಂಡು ಸೊನ್ನೆ ಅಂತ ಮೋಸ ಮಾಡುತ್ತದೆ. ಒಂದು ಪಾಲು ಕೊಳದ ನೀರಿಗೆ ಮೂರು ಪಾಲು ಬಾಟಲಿ ನೀರು ಬೆರೆಸಿ, ಬಂದದ್ದನ್ನು 4ರಿಂದ ಗುಣಿಸಿ. ಇಳಿದಷ್ಟು ಮತ್ತೆ ಹಾಕುತ್ತಿರಿ. ಪಂಪ್ ಹಗಲು ರಾತ್ರಿ ಓಡಲಿ. ಫಿಲ್ಟರ್ ಒತ್ತಡ ಶುದ್ಧವಿದ್ದಾಗಿನದಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗೆಲ್ಲ ಬ್ಯಾಕ್‌ವಾಶ್ (ನೀರು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು) ಮಾಡಿ.

ಬ್ರಷ್ ಹೊಡೆಯುವುದು ಔಷಧಿಯಷ್ಟೇ ಮುಖ್ಯ. ಏಣಿಯ ಸ್ಟೀಲ್ ಕಾಲು ಗೋಡೆಗೆ ಸೇರುವಲ್ಲಿ, ಲೈಟಿನ ಗಾಜಿನ ಹಿಂದೆ, ಟೈಲ್ಸ್ ಸಂದಿಯಲ್ಲಿ ಬೆರಳು ಆಡಿಸಿ. ಜಾರಿದರೆ ಪಾಚಿ ಇನ್ನೂ ಇದೆ. ಆ ಲೋಳೆ ಪದರದ ಒಳಗೆ ಕ್ಲೋರಿನ್ ಇಳಿಯುವುದಿಲ್ಲ, ಉಜ್ಜಿ ಒಡೆಯಲೇಬೇಕು. ನೀರು ತಿಳಿಯಾಗಿ, ರಾತ್ರಿ ಇಳಿಕೆ 1ರ ಒಳಗೆ ಬರುವವರೆಗೂ ನಿಲ್ಲಿಸಬೇಡಿ. ಕ್ಲೋರಿನ್ 4ಕ್ಕೆ ಇಳಿದ ಮೇಲೆಯೇ ಮಕ್ಕಳನ್ನು ಬಿಡಿ.

ಒಂದು ವಿಷಯದಲ್ಲಿ ಮಾತ್ರ ತುಂಬ ಹುಷಾರಾಗಿರಿ. ಟಿಸಿಸಿಎ ಮತ್ತು ಬ್ಲೀಚಿಂಗ್ ಪೌಡರ್ ಬೆರೆತರೆ ಬೆಂಕಿ ಹತ್ತಬಹುದು. ಪಿಎಚ್ ಇಳಿಸುವ ಆಸಿಡ್ ಮತ್ತು ಹೈಪೋ ಸೇರಿದರೆ ವಿಷಗಾಳಿ ಏಳುತ್ತದೆ. ಬಕೆಟ್, ಮಗ್ ಎಲ್ಲ ಬೇರೆ ಬೇರೆ ಇರಲಿ. ಆ ಹುಡುಗನಿಗೆ ಇದನ್ನು ಮರಾಠಿಯಲ್ಲಿ ಬರೆದು ಪಂಪ್ ರೂಮಿನ ಬಾಗಿಲಿಗೆ ಅಂಟಿಸಿ.

ಪ್ರಶ್ನೆ ಕೇಳಿದವರು – ವಾಕಡ್

ಸರ್, ಮೂರು ವಾರವಾಯಿತು. ಒಂಬತ್ತು ಟ್ಯಾಂಕರ್‌ಗೆ ಕಮಿಟಿಯವರನ್ನು ಒಪ್ಪಿಸುವುದೇ ಕಷ್ಟವಾಯಿತು, ನಿಮ್ಮ ಲೆಕ್ಕ ತೋರಿಸಿದ ಮೇಲೆ ಒಪ್ಪಿದರು. ಐದು ದಿನ ಕೊಳ ಮುಚ್ಚಿದ್ದೆವು. ನಾಲ್ಕನೇ ದಿನ ನೀರು ತಿಳಿಯಾದರೂ ರಾತ್ರಿ ಕ್ಲೋರಿನ್ ಇಳಿಯುತ್ತಲೇ ಇತ್ತು. ಹುಡುಕಿದರೆ ಬ್ಯಾಲೆನ್ಸಿಂಗ್ ಟ್ಯಾಂಕಿನ (ಕೊಳದಿಂದ ಉಕ್ಕಿದ ನೀರು ಸೇರುವ ತೊಟ್ಟಿಯ) ಗೋಡೆ ತುಂಬ ಕಪ್ಪು-ಹಸಿರು ಲೋಳೆ! ಅದನ್ನು ಉಜ್ಜಿಸಿದ ಮರುದಿನ ಇಳಿಕೆ 0.5. ಈಗ ಮಾತ್ರೆ ನಿಲ್ಲಿಸಿ ದಿನಾ ಸಂಜೆ 2 ಲೀಟರ್ ಹೈಪೋ ಹಾಕುತ್ತಿದ್ದೇವೆ, ಪಂಪ್ 8 ಗಂಟೆ. ನಿನ್ನೆ ಮಗಳು ಮೆಟ್ಟಿಲ ಮೇಲೆ ಕಾಲು ಉಜ್ಜಿ ನೋಡಿ, ಆಮೇಲೆ ನೀರಿಗಿಳಿದಳು.