‘ಜಾಹೀರಾತು ಬೆರೆಸುವುದು’ ಸರಿಯಾದ ಪ್ರಯೋಗವೇ? ಜೊತೆಗೆ ‘ಜಾಲ’, ‘ಅಡತಿ’, ‘ಅಸಿಂಧು’ ಪದಗಳ ವಿಚಾರ

ಪದಚರ್ಚೆಯ ಗೆಳೆಯರಿಗೆ ಕಲಬುರಗಿಯಿಂದ ನಮಸ್ಕಾರಗಳು.

ನಮ್ಮ ಊರಿನ ಸುದ್ದಿ ಕೊಡುವ ಒಂದು ಸಣ್ಣ ಕನ್ನಡ ಜಾಲತಾಣಕ್ಕೆ ನಾನು ಕೆಲಸದ ಸೂಚನೆಗಳನ್ನು ಬರೆದುಕೊಡುತ್ತೇನೆ. ಆ ತಾಣಕ್ಕೆ ಮೂರು ಕಡೆಯಿಂದ ಜಾಹೀರಾತುಗಳು ಬರುತ್ತವೆ: ಗೂಗಲ್‌ನ ಜಾಹೀರಾತು ಸೇವೆಯಾದ ಆಡ್‌ಸೆನ್ಸ್ ತಾನಾಗಿ ತುಂಬುವಂಥವು, ಇನ್ನೊಂದು ಸಂಸ್ಥೆಯ ಮೂಲಕ ಬರುವಂಥವು, ಮತ್ತು ಊರಿನ ಬಟ್ಟೆ ಅಂಗಡಿ, ದಾಲ್ ಮಿಲ್, ಕೋಚಿಂಗ್ ಕ್ಲಾಸಿನವರು ನಮ್ಮ ಕೈಗೇ ಹಣ ಕೊಟ್ಟು ಹಾಕಿಸುವಂಥವು. ಮೂರನ್ನೂ ನಿಯಮ ಮೀರದೆ ಒಂದೇ ಪುಟದಲ್ಲಿ ಹೇಗೆ ಇಡಬೇಕೆಂದು ತಿಳಿಸುವ ಸೂಚನೆಯಲ್ಲಿ ನಾನು “ಗೂಗಲ್ ಜಾಹೀರಾತುಗಳೊಂದಿಗೆ ಬೇರೆ ಜಾಹೀರಾತುಗಳನ್ನು ಬೆರೆಸಬಾರದು” ಎಂದು ಬರೆದೆ. ಪುಟ ಕಟ್ಟುವ ಹುಡುಗರು ಅದನ್ನು ಇದ್ದಂತೆಯೇ ಪಾಲಿಸಿದರು. ಎರಡು ವಾರ ಊರಿನ ಒಂದು ಜಾಹೀರಾತನ್ನೂ ಹಾಕಲಿಲ್ಲ. ಪ್ರವೇಶದ ದಿನಗಳಲ್ಲಿ ಹಣ ಹಿಡಿದುಕೊಂಡು ಬಂದಿದ್ದ ಕೋಚಿಂಗ್ ಕ್ಲಾಸಿನವರನ್ನು “ನಿಯಮದಾಗ ಬರಂಗಿಲ್ರೀ ಸರ್” ಎಂದು ಹೇಳಿ ಮರಳಿ ಕಳಿಸಿದರು. ಹುಡುಗರದು ತಪ್ಪಲ್ಲ. ನಾನು ಆರಿಸಿದ ಕ್ರಿಯಾಪದವೇ ಅವರನ್ನು ದಾರಿ ತಪ್ಪಿಸಿತ್ತು.

ಆಡ್‌ಸೆನ್ಸಿನ ನಿಯಮ ಹೇಳುವುದು ಬೇರೆಯೇ ಮಾತು. ಅದೇ ಪುಟದಲ್ಲಿ ಬೇರೆ ಸಂಸ್ಥೆಗಳ ಜಾಹೀರಾತುಗಳೂ ಇರಬಹುದು, ತಾಣದವರು ತಾವೇ ಮಾರಿದ ಜಾಹೀರಾತುಗಳೂ ಇರಬಹುದು; ಆದರೆ ಅವುಗಳ ಬಣ್ಣ ಮತ್ತು ವಿನ್ಯಾಸ ಗೂಗಲ್ ಜಾಹೀರಾತುಗಳಂತೆಯೇ ಇದ್ದು, ಯಾವುದು ಯಾರದೆಂದು ಓದುಗರಿಗೆ ಗುರುತು ಸಿಗದಂತಾಗಬಾರದು. ಹಾಗೆಯೇ ಎಲ್ಲ ಜಾಹೀರಾತುಗಳೂ ಸೇರಿ ಪುಟದ ಬರಹಕ್ಕಿಂತ ಹೆಚ್ಚಾಗಬಾರದು. ಎಂದರೆ ನಿಯಮದ ಆಕ್ಷೇಪ ಇರುವುದು ಒಟ್ಟಿಗಿರುವುದಕ್ಕಲ್ಲ, ಗುರುತು ಕಳೆದುಹೋಗುವುದಕ್ಕೆ.

ಕನ್ನಡದ ‘ಬೆರೆಸು’ ಈ ಎರಡನ್ನೂ ಒಂದೇ ಮಾಡಿಬಿಡುತ್ತದೆ ಎಂಬುದು ನನ್ನ ಅನಿಸಿಕೆ. ಹಾಲಿಗೆ ನೀರು ಬೆರೆಸಿದರೆ ಮತ್ತೆ ಬೇರ್ಪಡಿಸಲು ಬರುವುದಿಲ್ಲ. ‘ಕಲಬೆರಕೆ’ ಎಂಬ ಮಾತಿನಲ್ಲಂತೂ ಮೋಸದ ಅರ್ಥವೇ ಮುಂದಾಗಿದೆ. ಮನುಷ್ಯರ ವಿಷಯದಲ್ಲಿ “ಎಲ್ಲರೊಂದಿಗೆ ಬೆರೆಯುತ್ತಾರೆ” ಎಂದಾಗ ಯಾರ ಗುರುತೂ ಕಳೆಯುವುದಿಲ್ಲವಾದರೂ ಅಲ್ಲಿ ಬೆರೆಯುವವರು ತಾವಾಗಿ ಬೆರೆಯುತ್ತಾರೆ. ವಸ್ತುಗಳನ್ನು ಇನ್ನೊಬ್ಬರು ‘ಬೆರೆಸಿದಾಗ’ ಆ ಸ್ವಾತಂತ್ರ್ಯ ಉಳಿಯುವುದಿಲ್ಲ. ಹಳಗನ್ನಡದಲ್ಲಿ ಹೀಗಿರಲಿಲ್ಲ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ‘ಪರಿವಾರಂಬೆರಸು’ ಎಂದರೆ ಪರಿವಾರದ ಸಮೇತ ಎಂದರ್ಥ. ಅಲ್ಲಿ ಅರಸ ಅರಸನೇ, ಪರಿವಾರ ಪರಿವಾರವೇ. ಆ ಅರ್ಥ ಇಂದಿಗೂ ಉಳಿದಿದ್ದರೆ ನನ್ನ ವಾಕ್ಯವನ್ನು “ಬೆರೆಸಬಹುದು, ಆದರೆ ಮರೆಮಾಚಬಾರದು” ಎಂದು ತಿದ್ದಿದರೆ ಸಾಕಿತ್ತು.

‘ಮಿಶ್ರಣ’ ಎಂದರೆ ಗದ್ದೆಗೆ ಹೊಡೆಯುವ ಔಷಧದ ನೆನಪಾಗುತ್ತದೆ. ‘ಸಂಯೋಜನೆ’ ಹುಡುಗರ ಬಾಯಿಗೆ ಬರುವುದಿಲ್ಲ. ಉಳಿದದ್ದು ‘ಕೂಡಿಸು’. ನಮ್ಮ ಕಡೆ “ನನ್ನ ಕೂಡ ಬಾ” ಎಂದರೆ ನನ್ನ ಜೊತೆ ಬಾ ಎಂದು. ಆದ್ದರಿಂದ ‘ಕೂಡಿಸು’ ಎಂಬಲ್ಲಿ ಜೊತೆಗಿರುವ ಅರ್ಥ ಹಸಿಯಾಗಿಯೇ ಇದೆ. ಅಲ್ಲದೆ “ಗಣಪತಿ ಕೂಡಿಸಿದರು” ಎಂಬ ಮಾತಿನಲ್ಲಿರುವಂತೆ ಒಂದು ಜಾಗದಲ್ಲಿ ಕೂರಿಸುವ ಅರ್ಥವೂ ಅದಕ್ಕಿದೆ. ಪುಟದಲ್ಲಿ ಒಂದೊಂದು ಜಾಹೀರಾತಿಗೂ ಅದರದೇ ಜಾಗವಿರುವುದರಿಂದ ಇದು ತೊಡಕಾಗದೆ ಅನುಕೂಲವೇ ಆಗುತ್ತದೆ. ಆದರೆ ಮೈಸೂರು, ಮಂಗಳೂರು ಕಡೆಯ ಓದುಗರಿಗೆ ‘ಕೂಡಿಸು’ ಎಂದೊಡನೆ ಗಣಿತದ ಸಂಕಲನವೇ ನೆನಪಾಗುತ್ತದೆಯೇ ಎಂಬುದನ್ನು ಆ ಭಾಗದವರೇ ಹೇಳಬೇಕು.

ಎರಡನೆಯ ತೊಡಕು, ತಾಣಗಳಿಗೆ ಜಾಹೀರಾತು ತಂದುಕೊಡುವ ಸಂಸ್ಥೆಯನ್ನು ಇಂಗ್ಲಿಷಿನಲ್ಲಿ ಕರೆಯುವ ‘ನೆಟ್‌ವರ್ಕ್’ ಎಂಬುದಕ್ಕೆ ಬಳಸುವ ‘ಜಾಲ’ದ್ದು. ‘ಅಂತರಜಾಲ’, ‘ಜಾಲತಾಣ’ಗಳಲ್ಲಿ ಅದು ನೆಲೆಯೂರಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ‘ಜಾಹೀರಾತು ಜಾಲ’ ಎಂದು ಬರೆದ ಕೂಡಲೇ “ವಂಚಕರ ಜಾಲ ಪತ್ತೆ” ಎಂಬ ಪತ್ರಿಕೆಯ ತಲೆಬರಹದ ನೆರಳು ಅದರ ಮೇಲೆ ಬೀಳುತ್ತದೆ. ದಾಲ್ ಮಿಲ್ಲಿನ ಮಾಲೀಕರಿಗೆ “ನಾವು ಎರಡು ಜಾಹೀರಾತು ಜಾಲಗಳೊಂದಿಗೆ ಒಪ್ಪಂದ ಮಾಡಿಕೊಂಡಿದ್ದೇವೆ” ಎಂದು ಪತ್ರ ಬರೆದಾಗ ಅವರು ಫೋನು ಮಾಡಿ, “ಇದರಾಗ ಏನೂ ಗಡಬಡ ಇಲ್ಲಲ್ರೀ?” ಎಂದು ಕೇಳಿದ್ದರು.

ಇದಕ್ಕೆ ಬದಲಾಗಿ ನಾನು ಮುಂದಿಡುವ ಪದ ‘ಅಡತಿ’. ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರು ಗಂಜ್ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೈತ ತನ್ನ ತೊಗರಿಯನ್ನು ಅಡತಿ ಅಂಗಡಿಗೆ ತರುತ್ತಾನೆ. ಅಡತಿಯವರು ಖರೀದಿದಾರರಿಗೆ ಮಾಲು ತೋರಿಸಿ, ವ್ಯಾಪಾರ ಕುದುರಿಸಿ, ತೂಕ ಮಾಡಿಸಿ, ತಮ್ಮ ಕಮಿಷನ್ ಇಟ್ಟುಕೊಂಡು ಹಣ ಸಲ್ಲಿಸುತ್ತಾರೆ. ಜಾಹೀರಾತು ನೆಟ್‌ವರ್ಕ್ ಮಾಡುವುದೂ ಇದನ್ನೇ. ಪುಟದಲ್ಲಿ ಖಾಲಿ ಇರುವ ಜಾಗವೇ ಮಾಲು, ಅದನ್ನು ತಂದವರು ತಾಣದವರು, ಕೊಳ್ಳುವವರು ಜಾಹೀರಾತುದಾರರು. ಓದುಗ ಪುಟ ತೆರೆಯುವ ಕ್ಷಣದಲ್ಲೇ ಆ ಜಾಗಕ್ಕೆ ಲಿಲಾವು (ಹರಾಜು) ನಡೆದು ಮುಗಿದಿರುತ್ತದೆ. ಬರಹದ ಪುಟಗಳಲ್ಲಿ ಬರುವ ಜಾಹೀರಾತಿನ ಹಣದಲ್ಲಿ ತಾಣದವರಿಗೆ ಶೇ 68ರಷ್ಟು ಸಲ್ಲುತ್ತದೆಂದು ಗೂಗಲ್ 2010ರಲ್ಲಿ ಪ್ರಕಟಿಸಿತ್ತು. ಉಳಿದದ್ದನ್ನು ಅಡತಿಯ ಪಾಲೆಂದು ಹೇಳಿದರೆ ಗಂಜಿನಲ್ಲಿ ಎಲ್ಲರಿಗೂ ತಿಳಿಯುತ್ತದೆ. ನಾನು ಬೇಕೆಂದ ಭೇದವೂ ಅಲ್ಲಿಯೇ ಸಿಗುತ್ತದೆ: ಒಂದೇ ಅಂಗಡಿಯ ಮುಂದೆ ನಾಲ್ಕು ಮಂದಿ ರೈತರ ತೊಗರಿ ರಾಶಿ ಇರಬಹುದು, ಅದು ಕೂಡಿಸುವುದು, ಒಬ್ಬರ ರಾಶಿಗೆ ಇನ್ನೊಬ್ಬರದನ್ನು ಸುರಿದರೆ ಅದು ಬೆರೆಸುವುದು.

ಈ ಪದಕ್ಕೆ ಎರಡು ಆಕ್ಷೇಪಗಳು ಬರಬಹುದು. ಹಳೆಯ ಮೈಸೂರಿನ ಕಡೆ ‘ಮಂಡಿ’, ‘ದಲ್ಲಾಳಿ’ ಎಂಬ ಮಾತುಗಳು ಹೆಚ್ಚು ಬಳಕೆಯಲ್ಲಿವೆ. ‘ದಲ್ಲಾಳಿ’ಗೆ ಅಂಟಿಕೊಂಡಿರುವ ಕೆಟ್ಟ ಧ್ವನಿ ‘ಅಡತಿ’ಗೆ ಅಷ್ಟಾಗಿ ಇಲ್ಲವೆಂಬ ಕಾರಣಕ್ಕೆ ನಾನು ಇದನ್ನು ಆರಿಸಿದ್ದೇನೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಗಂಜಿನ ಅಡತಿಯವರು ರೈತರಿಗೆ ಮುಂಗಡವನ್ನೂ ಕೊಡುತ್ತಾರೆ, ಆ ಸಾಲದ ಋಣದಲ್ಲಿ ರೈತ ಅದೇ ಅಂಗಡಿಗೆ ಕಟ್ಟುಬೀಳುವುದುಂಟು. ತಾಣದವರಿಗೆ ಅಂಥ ಕಟ್ಟಿಲ್ಲ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಒಪ್ಪಿಕೊಂಡೇ ಪದವನ್ನು ಮುಂದಿಡುತ್ತಿದ್ದೇನೆ.

ಒಂದಕ್ಕಿಂತ ಹೆಚ್ಚು ಅಡತಿಗಳನ್ನು ಇಟ್ಟುಕೊಂಡವರು ‘ಆಡ್ಸ್ ಡಾಟ್ ಟೆಕ್ಸ್ಟ್’ (ads.txt) ಎಂಬ ಕಡತವನ್ನು ತಾಣದಲ್ಲಿ ಇಡುವುದು ಒಳ್ಳೆಯದು. ಅಂತರಜಾಲದ ಜಾಹೀರಾತುಗಳಿಗೆ ತಾಂತ್ರಿಕ ಮಾನದಂಡ ರೂಪಿಸುವ ಐಎಬಿ ಟೆಕ್ ಲ್ಯಾಬ್ ಎಂಬ ಸಂಸ್ಥೆ 2017ರಲ್ಲಿ ಹೊರತಂದ ಈ ಪದ್ಧತಿಯಲ್ಲಿ, ತಾಣದ ಜಾಗವನ್ನು ಮಾರಲು ಯಾರಿಗೆ ಅಧಿಕಾರವಿದೆ ಎಂಬುದನ್ನು ಸಾಲು ಸಾಲಾಗಿ ಬರೆಯುತ್ತಾರೆ, ಮತ್ತು ಪ್ರತಿ ಸಾಲಿನಲ್ಲೂ ‘ಡೈರೆಕ್ಟ್’ ಅಥವಾ ‘ರೀಸೆಲ್ಲರ್’ ಎಂಬ ಮಾತಿರುತ್ತದೆ. ಕಡತದೊಳಗೆ ಅವನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ವಿವರಣೆಯಲ್ಲಿ ‘ನೇರ’ ಎಂದು ಬರೆದಾಗ ನಮ್ಮ ಹುಡುಗರು ಊರಿನ ಅಂಗಡಿಗಳ ಹೆಸರನ್ನು ಅಲ್ಲಿ ಸೇರಿಸಲು ಹೊರಟಿದ್ದರು. ‘ಡೈರೆಕ್ಟ್’ ಎಂದರೆ ಆ ಸಂಸ್ಥೆಯಲ್ಲಿರುವ ಖಾತೆ ತಾಣದವರ ಕೈಯಲ್ಲೇ ಇದೆ ಎಂದು. ‘ರೀಸೆಲ್ಲರ್’ ಎಂದರೆ ಇನ್ನೊಬ್ಬರ ಖಾತೆಯ ಮೂಲಕ ಮಾರಲು ತಾಣದವರು ಒಪ್ಪಿದ್ದಾರೆ ಎಂದು. ನಾವೇ ಮಾರಿ ನಾವೇ ಹಾಕುವ ಅಂಗಡಿಯ ಜಾಹೀರಾತಿಗೆ ಈ ಕಡತದ ಸಂಬಂಧವೇ ಇಲ್ಲ. ಆದ್ದರಿಂದ ‘ಸ್ವಂತ ಖಾತೆ’, ‘ಪರರ ಖಾತೆ’ ಎಂದರೆ ಗೊಂದಲ ತಪ್ಪುತ್ತದೆ ಎಂದುಕೊಂಡಿದ್ದೇನೆ.

ಜಾಹೀರಾತಿನ ಮೇಲೆ ಹಾಕುವ ತಲೆಚೀಟಿಯ ವಿಷಯದಲ್ಲಿ ನಮ್ಮ ಸೌಜನ್ಯವೇ ನಮಗೆ ಅಡ್ಡಬರುತ್ತದೆ. ಜಾತ್ರೆಯ ಕರಪತ್ರಗಳಲ್ಲಿ ‘ಸಹಕಾರ ನೀಡಿದವರು’ ಎಂದು ಬರೆಯುವ ರೂಢಿಯಂತೆ ನಮ್ಮ ತಾಣದಲ್ಲೂ ‘ನಮ್ಮನ್ನು ಬೆಂಬಲಿಸಿ’ ಎಂಬ ಸಾಲಿನ ಕೆಳಗೆ ಎಲ್ಲ ಜಾಹೀರಾತುಗಳನ್ನು ಇಟ್ಟಿದ್ದರು. ಆಡ್‌ಸೆನ್ಸ್ ನಿಯಮದಲ್ಲಿ ಇದು ಓದುಗರನ್ನು ಕ್ಲಿಕ್ ಮಾಡಲು ಪ್ರೇರೇಪಿಸಿದಂತೆ. ಅಲ್ಲಿ ಒಪ್ಪಿರುವ ತಲೆಚೀಟಿಗಳು ‘ಜಾಹೀರಾತುಗಳು’ ಮತ್ತು ‘ಪ್ರಾಯೋಜಿತ ಕೊಂಡಿಗಳು’ ಎಂಬರ್ಥದ ಎರಡೇ. ನನಗೆ ‘ಜಾಹೀರಾತು’ ಎಂಬುದೇ ಸಾಕೆನಿಸುತ್ತದೆ. ಅರಬ್ಬಿಯ ‘ಜಾಹಿರ್’ ಎಂದರೆ ಕಣ್ಣಿಗೆ ಕಾಣುವಂಥದು, ಬಹಿರಂಗವಾದದ್ದು. ತಾನು ಏನೆಂಬುದನ್ನು ಆ ಪದ ತನ್ನ ಹೆಸರಿನಲ್ಲೇ ಒಪ್ಪಿಕೊಳ್ಳುತ್ತದೆ. ‘ಪ್ರಾಯೋಜಿತ’ ಎಂಬುದು ಆಕಾಶವಾಣಿ, ದೂರದರ್ಶನದ ಕಾಲದಿಂದ ಕಿವಿಗೆ ಬಿದ್ದಿದ್ದರೂ ಹಣ ಪಡೆದದ್ದನ್ನು ಸ್ವಲ್ಪ ಮುಚ್ಚಿಯೇ ಹೇಳುತ್ತದೆ.

ಕೊನೆಯದು ‘ಇನ್‌ವ್ಯಾಲಿಡ್ ಕ್ಲಿಕ್’, ಎಂದರೆ ಜಾಹೀರಾತನ್ನು ಒತ್ತಿದ್ದರೂ ಲೆಕ್ಕಕ್ಕೆ ಹಿಡಿಯದ ಒತ್ತು. ‘ಕಳ್ಳ ಕ್ಲಿಕ್’, ‘ನಕಲಿ ಕ್ಲಿಕ್’ ಎಂದು ಬರೆದದ್ದನ್ನು ಕಂಡಿದ್ದೇನೆ. ಆದರೆ ಮೊಬೈಲಿನಲ್ಲಿ ಬೆರಳು ತಪ್ಪಿ ಒತ್ತಿದ್ದೂ ನಿಯಮದ ಲೆಕ್ಕದಲ್ಲಿ ಅದೇ ಗುಂಪಿಗೆ ಸೇರುತ್ತದೆ, ಅಲ್ಲಿ ಕಳ್ಳನಿಲ್ಲ. ನಾನು ‘ಅಸಿಂಧು ಕ್ಲಿಕ್’ ಎಂದು ಬರೆಯುತ್ತಿದ್ದೇನೆ. ಮತಪತ್ರದಲ್ಲಿ ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಮುದ್ರೆ ಬಿದ್ದರೆ ಮತ ಅಸಿಂಧುವಾಗುತ್ತದೆ, ಮತದಾರ ಅಪರಾಧಿಯಾಗುವುದಿಲ್ಲ. ತಾಣದವರು ತಮ್ಮ ಪುಟದ ಜಾಹೀರಾತನ್ನು ತಾವೇ ಒತ್ತುವುದಕ್ಕೆ ಮಾತ್ರ ಬೇರೆ, ಕಟುವಾದ ಪದ ಬೇಕು. ಅದು ನನಗೆ ಹೊಳೆದಿಲ್ಲ.

ತಿದ್ದಿದ ವಾಕ್ಯ ಈಗ ಹೀಗಿದೆ: “ಬೇರೆ ಅಡತಿಗಳ ಮತ್ತು ಊರಿನ ಅಂಗಡಿಗಳ ಜಾಹೀರಾತುಗಳನ್ನು ಗೂಗಲ್ ಜಾಹೀರಾತುಗಳ ಜೊತೆ ಕೂಡಿಸಬಹುದು, ಅವು ಗೂಗಲ್‌ನವೆಂದು ಕಾಣುವಂತೆ ಬಣ್ಣ, ಅಕ್ಷರ, ಚೌಕಟ್ಟುಗಳನ್ನು ಇಡಬಾರದು.” ಬೀದರ್, ಯಾದಗಿರಿಯ ಗೆಳೆಯರು ‘ಅಡತಿ’ ತಮ್ಮಲ್ಲೂ ಇದೇ ಅರ್ಥದಲ್ಲಿ ನಡೆಯುತ್ತದೆಯೇ ಎಂದು ತಿಳಿಸಬೇಕು. ದಕ್ಷಿಣದವರು ಈ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ, ಎಲ್ಲಿ ತಡವರಿಸಿತು ಎಂಬುದನ್ನು ಬರೆಯಬೇಕೆಂದು ವಿನಂತಿ.