ರೂಟರ್ ರೀಬೂಟ್ ಆದ ಮೇಲೆ ಪೋರ್ಟ್ ನಂಬರ್ ಬದಲಾಯಿತು, ಹಳೆಯ ಗ್ರಾಫ್ ಉಳಿಸಿಕೊಳ್ಳುವುದು ಹೇಗೆ?

ಮಲ್ನಾಡ್_ಫೈಬರ್:
ಎಲ್ಲರಿಗೂ ನಮಸ್ಕಾರ. ನಮ್ಮದು ತಾಲೂಕು ಮಟ್ಟದ ಸಣ್ಣ ಇಂಟರ್ನೆಟ್ ಸರ್ವಿಸ್. ಮೇಲಿನ ಕಂಪನಿಗಳಿಂದ ಎರಡು ಲಿಂಕ್ ತಗೊಂಡಿದ್ದೇವೆ. ಮಾನಿಟರಿಂಗ್‌ಗೆ ಲಿಬ್ರೆಎನ್‌ಎಂಎಸ್ ಸಾಫ್ಟ್‌ವೇರ್ ಇದೆ. ರಾತ್ರಿ ರೂಟರ್‌ಗೆ ಹೊಸ ಲೈನ್ ಕಾರ್ಡ್ ಹಾಕಿ ರೀಬೂಟ್ ಮಾಡಿದೆವು. ಬೆಳಿಗ್ಗೆ ನೋಡಿದರೆ ಒಂದು ಲಿಂಕಿನ ಗ್ರಾಫ್ ಅಲ್ಲಿಗೇ ನಿಂತಿದೆ, ಅದೇ ಹೆಸರಿನ ಹೊಸ ಪೋರ್ಟ್ ಖಾಲಿ ಗ್ರಾಫ್‌ನಿಂದ ಶುರುವಾಗಿದೆ. ಇನ್ನೊಂದು ಲಿಂಕಿನ ಹಳೆಯ ಗ್ರಾಫ್ ಈಗ ಬೇರೆ ಯಾವುದೋ ಪೋರ್ಟಿನ ಹೆಸರಲ್ಲಿದೆ. ಬಿಲ್ 95ನೇ ಪರ್ಸೆಂಟೈಲ್ (ಅತಿ ಹೆಚ್ಚಿನ ಶೇ. 5 ಅಳತೆ ಬಿಟ್ಟು ಉಳಿದದ್ದರಲ್ಲಿ ಗರಿಷ್ಠ) ಮೇಲೆ ಬರುತ್ತದೆ, ಕಾಂಟ್ರ್ಯಾಕ್ಟ್ ಮುಗಿಯುತ್ತಾ ಬಂತು, ಮಾತುಕತೆಗೆ ಕೂರುವಾಗ ವರ್ಷದ ಟ್ರಾಫಿಕ್ ಕೈಯಲ್ಲಿ ಇರಲೇಬೇಕು. ಹಳೆಯದು ಹೋಯ್ತಾ?

ಎನ್‌ಒಸಿ_ಸುಮಾ:
ಹೋಗಿಲ್ಲ ಸರ್. ಮೊದಲು ಒಂದು ಮಾತು: ಡಿಲೀಟ್ ಆದ ಪೋರ್ಟ್‌ಗಳ ಪಟ್ಟಿಯಲ್ಲಿ 'ಪರ್ಜ್' (ಪೂರ್ತಿ ಅಳಿಸುವ ಬಟನ್) ಒತ್ತಬೇಡಿ. ಅದನ್ನು ಒತ್ತುವವರೆಗೆ ಹಳೆಯ ಆರ್‌ಆರ್‌ಡಿ ಫೈಲ್ (ಗ್ರಾಫಿನ ಅಂಕಿಗಳಿರುವ ಫೈಲ್) ಡಿಸ್ಕ್‌ನಲ್ಲಿ ಹಾಗೇ ಇರುತ್ತದೆ.

ಆಗಿದ್ದು ಇಷ್ಟು. ಎಸ್‌ಎನ್‌ಎಂಪಿಯಲ್ಲಿ (ರೂಟರಿನಿಂದ ಮಾಹಿತಿ ಓದುವ ಪ್ರೋಟೋಕಾಲ್) ಪ್ರತಿ ಪೋರ್ಟ್‌ಗೂ ಐಎಫ್‌ಇಂಡೆಕ್ಸ್ ಅಂತ ಒಂದು ನಂಬರ್ ಇರುತ್ತದೆ. ಆ ನಂಬರ್ ಮುಂದಿನ ರೀಸ್ಟಾರ್ಟ್‌ವರೆಗೆ ಬದಲಾಗಬಾರದು ಎಂದಷ್ಟೇ ಇದರ ನಿಯಮಗಳ ದಾಖಲೆ ಆರ್‌ಎಫ್‌ಸಿ 2863 ಹೇಳುತ್ತದೆ. ರೀಬೂಟ್ ಆದ ಮೇಲೆ ರೂಟರ್ ಹೊಸದಾಗಿ ಎಣಿಸಿಕೊಂಡರೆ ಅದು ನಿಯಮ ಮುರಿದ ಹಾಗಲ್ಲ. ಲಿಬ್ರೆಎನ್‌ಎಂಎಸ್ ಡೀಫಾಲ್ಟ್ ಆಗಿ ಪೋರ್ಟನ್ನು ಗುರುತಿಸುವುದು ಅದೇ ನಂಬರಿನಿಂದ. ಹಾಗಾಗಿ ಹಳೆಯ ನಂಬರ್ ಈಗ ಯಾರಿಗೂ ಇಲ್ಲದಿದ್ದರೆ ಆ ಪೋರ್ಟ್ ಡಿಲೀಟ್ ಅಂತ ಗುರುತಾಗುತ್ತದೆ, ಆ ನಂಬರ್ ಬೇರೆ ಪೋರ್ಟಿಗೆ ಹೋಗಿದ್ದರೆ ಹಳೆಯ ಇತಿಹಾಸವೂ ಅದರ ಹಿಂದೆಯೇ ಹೋಗುತ್ತದೆ. ನಿಮಗೆ ಎರಡೂ ಆಗಿದೆ.

ಸಿಸ್ಕೋ ಐಒಎಸ್ ಆಗಿದ್ದರೆ 'ಎಸ್‌ಎನ್‌ಎಂಪಿ-ಸರ್ವರ್ ಐಎಫ್‌ಇಂಡೆಕ್ಸ್ ಪರ್ಸಿಸ್ಟ್' ಇವತ್ತೇ ಹಾಕಿ, ಇನ್ನು ಮುಂದೆ ನಂಬರ್ ಉಳಿಯುತ್ತದೆ. ಜೂನಿಪರ್ ತಾನಾಗಿಯೇ ನಂಬರ್‌ಗಳನ್ನು ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ.

ಆರ್‌ಆರ್‌ಡಿ_ಹಳಬ:
ಫೈಲ್ ಜೋಡಿಸುವ ಕೆಲಸ ನಾನು ಹೇಳುತ್ತೇನೆ. ಲಿಬ್ರೆಎನ್‌ಎಂಎಸ್‌ನಲ್ಲಿ ಫೈಲಿನ ಹೆಸರು ಡೇಟಾಬೇಸಿನ ಪೋರ್ಟ್ ಐಡಿ ಮೇಲೆ ಇರುತ್ತದೆ, ಐಎಫ್‌ಇಂಡೆಕ್ಸ್ ಮೇಲೆ ಅಲ್ಲ. ಹಳೆಯ ಐಡಿ, ಹೊಸ ಐಡಿ ಬರೆದಿಟ್ಟುಕೊಳ್ಳಿ. ಪೋಲಿಂಗ್ (ರೂಟರಿನಿಂದ ಅಂಕಿ ಓದುವುದು) ನಿಲ್ಲಿಸಿ. ಆರ್‌ಆರ್‌ಡಿಕ್ಯಾಶ್ಡ್ ಇದ್ದರೆ ಅದನ್ನೂ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಅದು ಮೆಮೊರಿಯಲ್ಲಿ ಇಟ್ಟುಕೊಂಡ ಅಪ್‌ಡೇಟ್‌ಗಳನ್ನು ನೀವು ಬದಲಿಸಿದ ಫೈಲಿಗೆ ಬರೆದುಬಿಡುತ್ತದೆ. ಎರಡೂ ಫೈಲ್ ಬೇರೆ ಕಡೆ ಕಾಪಿ ಮಾಡಿ, ಪ್ರಯೋಗ ಎಲ್ಲ ಕಾಪಿ ಮೇಲೆಯೇ ಮಾಡಿ.

ನಿಂತುಹೋದ ಲಿಂಕ್ ಸುಲಭ. ಆರ್‌ಆರ್‌ಡಿಟೂಲ್ 1.5ರಿಂದ ಈಚೆಗೆ 'ಕ್ರಿಯೇಟ್' ಜೊತೆ 'ಸೋರ್ಸ್' ಆಯ್ಕೆ ಇದೆ, ಹಳೆಯ ಫೈಲುಗಳ ಡೇಟಾ ತುಂಬಿಸಿ ಹೊಸ ಫೈಲ್ ಮಾಡಿಕೊಡುತ್ತದೆ. ಅದನ್ನು ಹೊಸ ಐಡಿಯ ಹೆಸರಲ್ಲಿ ಇಡಿ, ಫೈಲಿನ ಓನರ್ ಸರಿಯಿದೆಯಾ ನೋಡಿ. ಹೆಸರು ಬದಲಾದ ಲಿಂಕ್ ಕಷ್ಟ. ರೀಬೂಟ್ ಆದ ನಂತರ ಆ ಫೈಲಿಗೆ ಬಿದ್ದಿರುವುದೆಲ್ಲ ಬೇರೆ ಪೋರ್ಟಿನ ಡೇಟಾ. 'ಡಂಪ್' ಮಾಡಿ ಎಕ್ಸ್‌ಎಂಎಲ್‌ನಲ್ಲಿ ಆ ಸಮಯದ ನಂತರದ ಸಾಲುಗಳನ್ನು ಎನ್‌ಎಎನ್ (ಅಂಕಿ ಇಲ್ಲ ಎಂಬ ಗುರುತು) ಮಾಡಿ, 'ರಿಸ್ಟೋರ್' ಮಾಡಿ, ಆಮೇಲೆ ಜೋಡಿಸಿ. ತಡ ಮಾಡಿದಷ್ಟೂ ಬೆರಕೆ ಜಾಸ್ತಿ ಆಗುತ್ತದೆ, ಹಾಗಾಗಿ ಇವತ್ತೇ ಕೂತುಕೊಳ್ಳಿ.

ಇನ್ನೊಂದು ವಿಷಯ. ಆರ್‌ಆರ್‌ಡಿಯಲ್ಲಿ ಹಳೆಯ ಡೇಟಾ ಸರಾಸರಿ ಆಗಿ ಕುಗ್ಗಿರುತ್ತದೆ. 95ನೇ ಪರ್ಸೆಂಟೈಲ್‌ಗೆ ಐದೈದು ನಿಮಿಷದ ಲೆಕ್ಕ ಬೇಕು. 30 ದಿನಕ್ಕೆ 8,640 ಸ್ಯಾಂಪಲ್, ಅದರಲ್ಲಿ ಮೇಲಿನ 432 ಬಿಡುತ್ತಾರೆ, ಅಂದರೆ 36 ಗಂಟೆ. ವರ್ಷದ ಗ್ರಾಫ್ ಟ್ರೆಂಡ್ ತೋರಿಸುತ್ತದೆ, ಬಿಲ್ಲಿನ ಅಂಕಿ ಕೊಡುವುದಿಲ್ಲ. ಲಿಬ್ರೆಎನ್‌ಎಂಎಸ್ ಬಿಲ್ಲಿಂಗ್ ಆನ್ ಮಾಡಿದ್ದರೆ ಆ ಲೆಕ್ಕ ಡೇಟಾಬೇಸಿನಲ್ಲಿ ಬೇರೆಯೇ ಇರುತ್ತದೆ. ಆ ಬಿಲ್ಲಿಗೆ ಸರಿಯಾದ ಪೋರ್ಟ್ ಸೇರಿಸುವುದನ್ನು ಮರೆಯಬೇಡಿ.

ಮಲ್ನಾಡ್_ಫೈಬರ್:
ತುಂಬಾ ಥ್ಯಾಂಕ್ಸ್. ಬಿಲ್ಲಿಂಗ್ ಆನ್ ಇದೆ, ಸಮಾಧಾನ ಆಯಿತು. ಇನ್ನೊಂದು ಪ್ರಶ್ನೆ. ಮೈಕ್ರೋಟಿಕ್ ರೂಟರ್‌ನಲ್ಲಿ ಪಿಪಿಪಿಒಇ (ಯೂಸರ್‌ನೇಮ್ ಹಾಕಿ ಲಾಗಿನ್ ಆಗುವ) ಗ್ರಾಹಕರ ಇಂಟರ್ಫೇಸ್‌ಗಳು ಕನೆಕ್ಟ್ ಆದಾಗಲೆಲ್ಲ ಹೊಸ ನಂಬರ್ ತಗೊಳ್ಳುತ್ತವೆ. ಅವಕ್ಕೂ ಹೀಗೇ ಮಾಡಬೇಕಾ?

ಎನ್‌ಒಸಿ_ಸುಮಾ:
ಬೇಡ ಸರ್, ಅವನ್ನು ಪೋರ್ಟ್ ಪಟ್ಟಿಯಿಂದಲೇ ಹೊರಗಿಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ಪೂರಾ ಊರು ಮತ್ತೆ ಕನೆಕ್ಟ್ ಆಗುತ್ತದೆ, ಸುಮ್ನೆ ಡೇಟಾಬೇಸ್ ತುಂಬುತ್ತದೆ. ಗ್ರಾಹಕರ ಬಳಕೆಗೆ ರೇಡಿಯಸ್ (ಗ್ರಾಹಕರ ಲಾಗಿನ್ ಸರ್ವರ್) ಅಕೌಂಟಿಂಗ್ ನೋಡಿ. ಅಲ್ಲಿ ಗುರುತು ಯೂಸರ್‌ನೇಮ್, ನಂಬರ್ ಬದಲಾದರೂ ತೊಂದರೆ ಇಲ್ಲ.

ಮುಖ್ಯ ಲಿಂಕ್‌ಗಳಿಗೆ ಡಿವೈಸ್ ಎಡಿಟ್ ಪುಟದಲ್ಲಿ ಪೋರ್ಟ್ ಅಸೋಸಿಯೇಷನ್ ಮೋಡನ್ನು (ಪೋರ್ಟನ್ನು ಯಾವುದರಿಂದ ಗುರುತಿಸಬೇಕು ಎಂಬ ಆಯ್ಕೆ) ಐಎಫ್‌ನೇಮ್‌ಗೆ, ಅಂದರೆ ಪೋರ್ಟಿನ ಹೆಸರಿಗೆ, ಬದಲಿಸಿ. ಆದರೆ ಫೈಲ್ ಜೋಡಿಸಿದ ಮೇಲೆ ಮಾಡಿ, ಮೊದಲೇ ಬೇಡ. ಈಗ ಡಿಲೀಟ್ ಆದ ಪೋರ್ಟ್, ಹೊಸ ಪೋರ್ಟ್ ಎರಡಕ್ಕೂ ಒಂದೇ ಹೆಸರಿದೆ ಅಲ್ವಾ? ಯಾವುದು ಯಾವುದು ಅಂತ ಗೊಂದಲ ಆಗಬಹುದು.

ಪ್ರೊಮಿ_ಬೆಂಗಳೂರು:
ಪ್ರೊಮಿಥಿಯಸ್ ಅನ್ನೋ ಇನ್ನೊಂದು ಮಾನಿಟರಿಂಗ್ ಸಾಫ್ಟ್‌ವೇರ್ ಬಳಸುವವರಿಗೂ ಇದೇ ಕಾಟ ಇದೆ. ಐಎಫ್‌ಇಂಡೆಕ್ಸ್ ಒಂದು ಲೇಬಲ್, ಅದು ಬದಲಾದರೆ ಹೊಸ ಸೀರೀಸ್. ಕ್ವೆರಿಯಲ್ಲಿ ಮೊದಲು 'ರೇಟ್', ಆಮೇಲೆ ಇನ್‌ಸ್ಟನ್ಸ್ ಮತ್ತು ಐಎಫ್‌ನೇಮ್ ಮೇಲೆ 'ಸಮ್' ಮಾಡಿದರೆ ಹಳೆಯದು ಹೊಸದು ಒಂದೇ ಗೆರೆಯಾಗಿ ಬರುತ್ತದೆ. ಇಂಥದ್ದೇ ಸಾಫ್ಟ್‌ವೇರ್ ಜ್ಯಾಬಿಕ್ಸ್‌ನಲ್ಲಿ ಐಟಂ ಕೀ (ಪ್ರತಿ ಅಳತೆಯ ಗುರುತು) ಒಳಗೆ ಎಸ್‌ಎನ್‌ಎಂಪಿ ಇಂಡೆಕ್ಸ್ ಬದಲು ಪೋರ್ಟಿನ ಹೆಸರು ಇಡಿ, ನಂಬರ್ ಓಐಡಿಯಲ್ಲಿ (ಎಸ್‌ಎನ್‌ಎಂಪಿಯಲ್ಲಿ ಆ ಅಂಕಿಯ ವಿಳಾಸ) ಮಾತ್ರ ಇರಲಿ.

ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ಹಣ ಕೊಡುವ ಲಿಂಕಿಗೆ ಐಎಫ್‌ನೇಮ್ ಸಾಲದು. ನಾಳೆ ಫೈಬರನ್ನು ಪಕ್ಕದ ಪೋರ್ಟಿಗೆ ಹಾಕಿದರೆ ಹೆಸರೂ ಬದಲಾಯಿತು. ಪೋರ್ಟಿನ ಡಿಸ್ಕ್ರಿಪ್ಷನ್‌ನಲ್ಲಿ ಸರ್ಕ್ಯೂಟ್ ಐಡಿ (ಕಂಪನಿ ಆ ಲಿಂಕಿಗೆ ಕೊಟ್ಟ ಗುರುತು) ಬರೆದು ಐಎಫ್‌ಅಲಿಯಾಸ್‌ನಿಂದ, ಅಂದರೆ ಆ ಡಿಸ್ಕ್ರಿಪ್ಷನ್‌ನಿಂದ, ಗುರುತಿಸುವುದೇ ಸರಿ.

ಎನ್‌ಒಸಿ_ಸುಮಾ:
ಪ್ರತಿ ಪೋರ್ಟಿಗೂ ಡಿಸ್ಕ್ರಿಪ್ಷನ್ ಬರೆದಿದ್ದು, ಎಲ್ಲವೂ ಬೇರೆ ಬೇರೆ ಇದ್ದರೆ ಒಪ್ಪುತ್ತೇನೆ. ಆ ಮೋಡ್ ಇಡೀ ಡಿವೈಸ್‌ಗೆ ಅನ್ವಯಿಸುತ್ತದೆ. ಖಾಲಿ ಬಿಟ್ಟ ಪೋರ್ಟ್‌ಗಳಿದ್ದರೆ ಯಾವುದು ಯಾವುದು ಅಂತ ಗೊತ್ತಾಗುವುದೇ ಇಲ್ಲ. ಸರ್, ನಿಮ್ಮ ರೂಟರ್‌ನಲ್ಲಿ ಡಿಸ್ಕ್ರಿಪ್ಷನ್ ಎಷ್ಟು ಪೋರ್ಟಿಗೆ ಇದೆ ನೋಡಿ ಹೇಳಿ, ಆಮೇಲೆ ಯಾವ ಮೋಡ್ ಅಂತ ತೀರ್ಮಾನ ಮಾಡೋಣ.